ರೆಕ್ಕೆಗೂ ಒಂದು ಬೂಟು

(ಯಲಹಂಕದ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ. ಮೂರು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಾಗಿಲಲ್ಲಿ ಹಿರಿಯರೊಬ್ಬರು ನನ್ನನ್ನು ತಡೆದು, "ಪೈಲಟ್‌ಗಳ ಬೂಟಿನ ವಿಷಯವೇನಪ್ಪಾ?" ಎಂದು ಕೇಳಿದರು. ತಪ್ಪು ಅವರದ್ದಲ್ಲ. ಹೊರಗಿನ ಬೋರ್ಡಿನಲ್ಲಿ "ವಿಮಾನದ ಬೂಟಿನ ಆರೈಕೆ" ಎಂದು ಬರೆದಿದ್ದಾರೆ. ಪಾಲಿಷ್ ಡಬ್ಬಿ, ಬ್ರಷ್ಷು ನೆನಪಾಗುವುದು ಸಹಜ. ನಾನು ಹೇಳಹೊರಟಿರುವ ಬೂಟು ಕಾಲಿಗೆ ಹಾಕುವುದಲ್ಲ, ರೆಕ್ಕೆಗೆ ಹಾಕುವುದು. ಇಲ್ಲಿ ಮೇಜಿನ ಮೇಲೆ ಕಪ್ಪಗೆ ಸತ್ತ ಹಾವಿನ ಹಾಗೆ ಮಲಗಿದೆಯಲ್ಲ, ಅದೇ.

ಇದು ಎರಡು ಎಂಜಿನ್ನಿನ ಒಂದು ಚಿಕ್ಕ ವಿಮಾನದ ಬಾಲದಿಂದ ಕಿತ್ತದ್ದು. ಸುಮಾರು ಒಂದು ಮಾರು ಉದ್ದ. ಇನ್ನು ಕೆಲಸಕ್ಕೆ ಬಾರದು ಎಂದು ತೀರ್ಮಾನವಾಗಿ ಗುಜರಿಗೆ ಹೋಗಬೇಕಿತ್ತು, ನಾನು ಕೇಳಿ ಇಸ್ಕೊಂಡು ಬಂದೆ. ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ಮೈದಾ ಗಂಜಿ ಕಾಯಿಸಿ ಇದರ ಮೇಲೆ ದಪ್ಪಗೆ ಬಳಿದು ಒಣಗಲು ಬಿಟ್ಟೆ. ಮನೆಯವರು ಬಂದು ನೋಡಿದರು, ಏನೂ ಕೇಳದೆ ಹೋಗಿ ಮಲಗಿದರು. ಮದುವೆಯಾಗಿ ಜಾಸ್ತಿ ವರ್ಷ ಆದರೆ ಹೀಗೆ.

ಆ ಗಂಜಿಯೇ ಐಸು ಅಂದುಕೊಳ್ಳಿ. ಈಗ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತೇನೆ.

(ಇಲ್ಲಿ ಹತ್ತು ಹನ್ನೆರಡು ಸಲ ಪಂಪ್ ಒತ್ತಿದೆ. ಚಪ್ಪಟೆಯಾಗಿದ್ದ ರಬ್ಬರಿನಿಂದ ಬೆರಳು ದಪ್ಪದ ಕೊಳವೆಗಳು ಸಾಲಾಗಿ ಎದ್ದವು. ಒಣಗಿದ ಗಂಜಿ ಚಟಚಟ ಬಿರಿದು ಹಕ್ಕಳೆ ಹಕ್ಕಳೆಯಾಗಿ ಮೇಜಿನ ಮೇಲೆಲ್ಲ ಉದುರಿತು. ಮುಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದರು.)

ಇಷ್ಟೇ, ಇದರ ಇಡೀ ಕೆಲಸ. ಉಬ್ಬುವುದು, ಐಸು ಒಡೆಯುವುದು, ಮತ್ತೆ ಚಪ್ಪಟೆಯಾಗುವುದು. ಒಡೆದ ಚೂರನ್ನು ಎದುರುಗಾಳಿ ಹೊತ್ತುಕೊಂಡು ಹೋಗುತ್ತದೆ. ಆದರೆ ಒಂದು ಗಮನಿಸಿದಿರಾ? ಉಬ್ಬಿದ್ದು ಹಾಗೇ ನಿಲ್ಲಲಿಲ್ಲ. ಸೊಂಯ್ ಎಂದು ಇಳಿದುಹೋಯಿತು. ಎಲ್ಲೋ ತೂತಿದೆ. ಆಮೇಲೆ ಹುಡುಕೋಣ.

"ಬೆಂಗಳೂರಲ್ಲಿ ಜ್ಯೂಸ್ ಅಂಗಡಿ ಬಿಟ್ರೆ ಐಸು ಎಲ್ಲಿದೆ ಮಾಮ?" ಎಂದು ನನ್ನ ತಂಗಿಯ ಮಗ ಕೇಳುತ್ತಿರುತ್ತಾನೆ. ನೆಲದ ಮೇಲೆ ಇಲ್ಲ, ನಿಜ. ಆದರೆ ಮೇಲೆ ಹೋದಂತೆ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ 2 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ನಾವಿಲ್ಲಿ ಸ್ವೆಟರ್ ಹಾಕಿಕೊಂಡು ಬೋಂಡ ತಿನ್ನುವ ಹೊತ್ತಿಗೆ, ಸಮುದ್ರಮಟ್ಟದಿಂದ ಸುಮಾರು 16-17 ಸಾವಿರ ಅಡಿ ಮೇಲೆ ಸೊನ್ನೆ ಡಿಗ್ರಿ. ಕಿಂಗ್ ಏರ್, ಎಟಿಆರ್ ಥರದ ಟರ್ಬೊಪ್ರಾಪ್‌ಗಳು, ಅಂದರೆ ನಾವು ಫ್ಯಾನಿನ ವಿಮಾನ ಅನ್ನುತ್ತೇವಲ್ಲ, ಅವು ಓಡಾಡುವುದು ಆ ಎತ್ತರದ ಆಸುಪಾಸಿನಲ್ಲೇ. ಹುಬ್ಬಳ್ಳಿಗೆ ಎಟಿಆರ್‌ನಲ್ಲಿ ಹೋಗುವವರು ಹತ್ತುವ ಮೊದಲು ಒಮ್ಮೆ ತಲೆ ಎತ್ತಿ ರೆಕ್ಕೆಯ ಮುಂದಿನ ಅಂಚು ನೋಡಿ. ಸೀರೆಗೆ ಕಪ್ಪು ಅಂಚು ಹಾಕಿದ ಹಾಗೆ ಒಂದು ಪಟ್ಟಿ ಕಾಣುತ್ತದೆ. ಅದು ಬಣ್ಣವಲ್ಲ, ಬೂಟು. ನಮ್ಮ ಪಕ್ಕದ ಜಕ್ಕೂರಿನಲ್ಲಿ ಮಾತ್ರ ಹುಡುಕಬೇಡಿ. ಅಲ್ಲಿ ತರಬೇತಿಗೆ ಹಾರುವ ಪುಟ್ಟ ಸೆಸ್ನಾಗಳಿಗೆ ಬೂಟಿಲ್ಲ. ಅವು ಅಂಥ ಮೋಡದೊಳಗೆ ಹೋಗುವ ಹಾಗೂ ಇಲ್ಲ.

ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದ ಕೂಡಲೇ ಮೋಡದ ನೀರೆಲ್ಲ ಹೆಪ್ಪುಗಟ್ಟಿಬಿಡುವುದಿಲ್ಲ. ಅದೇ ತೊಂದರೆ. ಹನಿಗಳು ನೀರಾಗಿಯೇ, ಯಾವುದಕ್ಕಾದರೂ ತಗುಲಲಿ ಎಂದು ಕಾಯುತ್ತಿರುತ್ತವೆ. ತಗುಲಿದ್ದು ರೆಕ್ಕೆಯ ಅಂಚಾದರೆ ಅಲ್ಲೇ ಐಸು. ಭಾರ ಅಷ್ಟು ದೊಡ್ಡ ಸಮಸ್ಯೆಯಲ್ಲ. ರೆಕ್ಕೆಯ ಆಕಾರ ಕೆಡುತ್ತದೆ. ಗಾಳಿ ನುಣ್ಣಗೆ ಜಾರುವ ಬದಲು ಕಿತ್ತುಕೊಂಡು ಹೋಗುತ್ತದೆ. ವಿಮಾನವನ್ನು ಎತ್ತಿ ಹಿಡಿಯುವುದು ಆ ನುಣುಪೇ ತಾನೆ?

ಇದಕ್ಕೆ ರಬ್ಬರಿನ ಉಪಾಯ ಹುಡುಕಿದವರು ವಿಲಿಯಂ ಗೀರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ. ಟೈರ್ ಮಾಡುತ್ತಿದ್ದ ಗುಡ್‌ರಿಚ್ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದವರು. 1930ರ ಹೊತ್ತಿನ ಮಾತು. ಅವರು ಮೊದಲು ಮಾಡಿ ನೋಡಿದ್ದು ಎಣ್ಣೆ ಸವರುವುದನ್ನು. ನಾವು ಕಾವಲಿಗೆ ಸವರುವ ಹಾಗೆ, ಐಸು ಅಂಟದಿರಲಿ ಅಂತ. ಅದು ಸಾಲಲಿಲ್ಲ. ಆಮೇಲೆ ಬಂದದ್ದೇ ಗಾಳಿ ತುಂಬುವ ರಬ್ಬರು. ಆ ಗುಡ್‌ರಿಚ್‌ನ ವಿಮಾನ ವಿಭಾಗ ಕೈಯಿಂದ ಕೈಗೆ ದಾಟಿ ಈಗ ಕಾಲಿನ್ಸ್ ಏರೋಸ್ಪೇಸ್ ಆಗಿದೆ. ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ನಾವು ಮಾತ್ರ ಇವತ್ತಿಗೂ ಗುಡ್‌ರಿಚ್ ಬೂಟು ಅಂತಲೇ ಅನ್ನುತ್ತೇವೆ.

ಕಿಂಗ್ ಏರ್ 200ರ ಲೆಕ್ಕ ಹೇಳುತ್ತೇನೆ, ನನ್ನ ಕೈ ಪಳಗಿದ್ದು ಅದರಲ್ಲೇ. ಎಂಜಿನ್ನಿನಿಂದ ತೆಗೆದ ಗಾಳಿಯನ್ನು 18 ಪಿಎಸ್‌ಐ ಒತ್ತಡಕ್ಕೆ ಇಳಿಸಿ ಬೂಟಿಗೆ ಬಿಡುತ್ತಾರೆ. ನಿಮ್ಮ ಕಾರಿನ ಟೈರಿಗೆ 30ಕ್ಕಿಂತ ಜಾಸ್ತಿ ಹಾಕಿಸುತ್ತೀರಿ, ಇದಕ್ಕೆ ಅದರ ಅರ್ಧ ಅಂತಿಟ್ಟುಕೊಳ್ಳಿ. ಪೈಲಟ್ ಸ್ವಿಚ್ ಒತ್ತಿದರೆ ರೆಕ್ಕೆಯ ಬೂಟು 6 ಸೆಕೆಂಡು ಉಬ್ಬುತ್ತದೆ, ಆಮೇಲೆ ಬಾಲದ್ದು 4 ಸೆಕೆಂಡು. ಮುಗಿಯಿತು. ಮಿಕ್ಕ ಹೊತ್ತೆಲ್ಲ ಒಳಗಿನ ಗಾಳಿಯನ್ನು ಎಳೆದುಕೊಂಡು ಬೂಟನ್ನು ರೆಕ್ಕೆಗೆ ಒತ್ತಿ ಹಿಡಿದಿರುತ್ತದೆ. ಈ ಎಳೆಯುವ ಸಂಗತಿ ನೆನಪಿಟ್ಟುಕೊಳ್ಳಿ, ತೂತಿನ ಮಾತು ಬಂದಾಗ ಬೇಕು.

ಈಗ ನನ್ನ ಅಸಲು ಮಾತಿಗೆ ಬರುತ್ತೇನೆ. ಮೂವತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದ್ದೇನೆ. ಐಸಿನಿಂದ ಸತ್ತ ಬೂಟನ್ನು ನಾನು ನೋಡಿಲ್ಲ. ನೋಡಿದ್ದೆಲ್ಲ ನೆಲದ ಮೇಲೆ ನಿಂತು ಸತ್ತವು.

ಚಿಕ್ಕ ವಿಮಾನ ಹಾರುವುದಕ್ಕಿಂತ ನಿಲ್ಲುವುದು ಜಾಸ್ತಿ. ಹಳೇ ಏರ್‌ಪೋರ್ಟಿನ ಕಾಂಕ್ರೀಟಿನ ಮೇಲೆ ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ನಿಂತ ವಿಮಾನದ ಬೂಟು ಮುಟ್ಟಿ ನೋಡಿ, ಕೈ ತಟ್ಟನೆ ವಾಪಸು ಬರುತ್ತದೆ. ಕಪ್ಪು ಬಣ್ಣ ಬೇರೆ. ಬಿಸಿಲು ಒಂದು ಕಡೆಯಿಂದ ತಿನ್ನುತ್ತದೆ. ಇನ್ನೊಂದು ಕಡೆಯಿಂದ ಓಝೋನ್. ಮೇಲೆ ಆಕಾಶದಲ್ಲಿ ನಮ್ಮನ್ನು ಕಾಯುವ ಓಝೋನ್ ಇದೆಯಲ್ಲ, ಅದೇ ಅನಿಲ ನೆಲಮಟ್ಟದಲ್ಲೂ ಹುಟ್ಟುತ್ತದೆ. ವಾಹನದ ಹೊಗೆಗೆ ಬಿಸಿಲು ಬಿದ್ದರೆ ಸಾಕು. ಹೊಗೆಗಾಗಲಿ ಬಿಸಿಲಿಗಾಗಲಿ ನಮ್ಮೂರಿನಲ್ಲಿ ಬರವಿಲ್ಲ.

ಓಝೋನ್ ರಬ್ಬರಿಗೆ ಏನು ಮಾಡುತ್ತದೆ ಅಂತ ನಿಮ್ಮ ಮನೆಯಲ್ಲೇ ನೋಡಬಹುದು. ರಬ್ಬರ್ ಬ್ಯಾಂಡ್ ಒಂದನ್ನು ಹಳೇ ಕಾಗದದ ಕಟ್ಟಿಗೆ ಎಳೆದು ಹಾಕಿ ಅಟ್ಟದ ಮೇಲಿಟ್ಟು ಮರೆತುಬಿಡಿ. ಒಂದೆರಡು ವರ್ಷ ಬಿಟ್ಟು ತೆಗೆದರೆ ಅಡ್ಡಡ್ಡ ಬಿರುಕು ಬಿಟ್ಟಿರುತ್ತದೆ, ಮುಟ್ಟಿದರೆ ತುಂಡು. ಎಳೆದಿಟ್ಟ ರಬ್ಬರನ್ನು ಓಝೋನ್ ಬೇಗ ಕತ್ತರಿಸುತ್ತದೆ, ಎಳೆದ ದಿಕ್ಕಿಗೆ ಅಡ್ಡಲಾಗಿ. ಬೂಟಿನ ಮೇಲ್ಪದರ ಸಾಮಾನ್ಯವಾಗಿ ನಿಯೋಪ್ರಿನ್ ಎಂಬ ಕೃತಕ ರಬ್ಬರು. ಮರದ ರಬ್ಬರಿಗಿಂತ ಗಟ್ಟಿ ಜೀವ, ಆದರೆ ಅಮರ ಅಲ್ಲ.

ರಬ್ಬರ್ ಮಾಡುವವರಿಗೆ ಇದು ಗೊತ್ತು. ಅದಕ್ಕೇ ರಬ್ಬರಿನೊಳಗೆ ಮೇಣವನ್ನೂ ಓಝೋನ್ ತಡೆಯುವ ಕೆಮಿಕಲ್ಲನ್ನೂ ಬೆರೆಸಿರುತ್ತಾರೆ. ಅದು ಒಳಗೇ ಕೂತಿರುವುದಿಲ್ಲ. ಉಪ್ಪಿನಕಾಯಿ ಭರಣಿಯಲ್ಲಿ ಎಣ್ಣೆ ಮೇಲೆ ಬಂದು ನಿಲ್ಲುವ ಹಾಗೆ, ನಿಧಾನವಾಗಿ ಮೇಲಕ್ಕೆ ಒಸರಿ ತೆಳ್ಳಗೆ ಒಂದು ಪೊರೆ ಕಟ್ಟುತ್ತದೆ. ಕಾರಿನ ಟೈರ್ ಪಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದಲ್ಲ, ಅದು ಬರೀ ಕೊಳೆಯಲ್ಲ. ಈ ಒಸರಿದ ಪೊರೆಯೂ ಅದರಲ್ಲಿ ಸೇರಿದೆ. ಎಣ್ಣೆ ನಿಂತಿರುವ ತನಕ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವುದಿಲ್ಲ. ಚೆಂದ ಕಾಣಲಿ ಅಂತ ಆ ಎಣ್ಣೆಯನ್ನು ಬಸಿದು ಚೆಲ್ಲುವವರನ್ನು ಏನನ್ನೋಣ? ಬೂಟನ್ನು ಪೆಟ್ರೋಲಿನಲ್ಲೋ ಥಿನ್ನರಿನಲ್ಲೋ ಗಸಗಸ ಉಜ್ಜುವವರು ಮಾಡುವುದು ಅದನ್ನೇ. ಉಜ್ಜಿದಾಗ ಬಟ್ಟೆ ಕಪ್ಪಾಗುತ್ತದೆ. "ನೋಡಿ ಸರ್, ಎಷ್ಟು ಕೊಳೆ!" ಅನ್ನುತ್ತಾರೆ. ಕೊಳೆಯಲ್ಲ ಮಾರಾಯ, ರಬ್ಬರೇ ಬಿಟ್ಟುಕೊಂಡು ಬರುತ್ತಿದೆ.

(ಇಲ್ಲಿ ಮೂರನೇ ಸಾಲಿನಿಂದ ಒಬ್ಬ ತಾಯಿ, "ಕುಕ್ಕರ್ ಗ್ಯಾಸ್ಕೆಟ್ ಥರಾನೇ ಅಲ್ವಾ?" ಎಂದರು.)

ಅದೇ ಅಮ್ಮಾ. ಗ್ಯಾಸ್ಕೆಟ್ಟಿಗೆ ಜಿಡ್ಡು ಮೆತ್ತಿಕೊಂಡು ಹಾಗೇ ಉಳಿದರೆ ಉಬ್ಬುತ್ತದೆ, ಸಡಿಲವಾಗುತ್ತದೆ. ಬೂಟಿಗೂ ಎಂಜಿನ್ ಆಯಿಲ್, ಗ್ರೀಸು, ವಿಮಾನದ ಇಂಧನ ಆಗಿಬರುವುದಿಲ್ಲ. ಜೆಟ್ ಇಂಧನ ಅಂದರೆ ಸೀಮೆಎಣ್ಣೆಯ ಅಕ್ಕನೇ ತಾನೆ. ರೆಕ್ಕೆಯ ಮೇಲಿಂದ ಇಂಧನ ತುಂಬುವಾಗ ಹುಡುಗರು ಪೈಪನ್ನು ಬೂಟಿನ ಮೇಲೆ ದರದರ ಎಳೆಯುತ್ತಾರೆ, ಏಣಿ ತಂದು ಅದಕ್ಕೇ ಒರಗಿಸುತ್ತಾರೆ. ಒಂದು ದಪ್ಪ ಚಾಪೆ ಹಾಸಿದರೆ ಮುಗಿಯುವ ಮಾತು.

ಸರಿಯಾಗಿ ತೊಳೆಯುವುದು ಹೇಗೆ? ಕೇಳಿದರೆ ನಗುತ್ತೀರಿ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಮೆತ್ತನೆ ಬಟ್ಟೆ. ಅಷ್ಟೇ. ಆದರೆ ಮಾಡುವ ರೀತಿ ಇದೆ.

ನನಗೆ ಈ ಕೆಲಸ ಕಲಿಸಿದವರನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಅವರು ಬೂಟು ತೊಳೆಯುತ್ತಿದ್ದದ್ದು ಬೆಳಿಗ್ಗೆ, ಹ್ಯಾಂಗರಿನ ನೆರಳಿನಲ್ಲಿ. ಬಿಸಿ ರಬ್ಬರಿನ ಮೇಲೆ ಸೋಪು ನಿಮಿಷದಲ್ಲಿ ಒಣಗಿ ಕೂರುತ್ತದೆ ಅಂತ. ಬೋರ್‌ವೆಲ್ ನೀರು ಮುಟ್ಟುತ್ತಿರಲಿಲ್ಲ, ಬಿಳಿ ಕಲೆ ಬಿಡುತ್ತದೆ. ಕಾವೇರಿ ನೀರು ಬಂದ ದಿನ ಡ್ರಮ್ಮಿನಲ್ಲಿ ಹಿಡಿದಿಟ್ಟು ಅದನ್ನೇ ಬಳಸುತ್ತಿದ್ದರು. ಮೊದಲು ಬರೀ ನೀರು ಸುರಿದು ಧೂಳು ಇಳಿಸುವುದು. ನಮ್ಮ ಕೆಂಪು ಧೂಳು ಸಣ್ಣ ಎಮರಿ ಪುಡಿ ಇದ್ದ ಹಾಗೆ, ಒಣಗಿದ್ದಾಗ ಒರೆಸಿದರೆ ರಬ್ಬರನ್ನು ಗೀರುತ್ತದೆ. ರೆಕ್ಕೆಯ ಅಂಚಿಗೆ ಅಪ್ಪಳಿಸಿ ಸತ್ತ ಹುಳಗಳು ಇರುತ್ತವೆ, ಒಣಗಿ ಸಿಮೆಂಟಿನ ಹಾಗೆ ಕಚ್ಚಿಕೊಂಡಿರುತ್ತವೆ. ಅವುಗಳ ಮೇಲೆ ಒದ್ದೆ ಬಟ್ಟೆ ಹಾಸಿ, ಹೋಗಿ ಒಂದು ಲೋಟ ಕಾಫಿ ಕುಡಿದು ಬರುವುದು. ಬರುವ ಹೊತ್ತಿಗೆ ನೆನೆದಿರುತ್ತವೆ. ಉಗುರು ಹಾಕಿದರೆ ಬೈಗುಳ.

ಆಮೇಲೆ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಒಂದು ಗೇಣು, ಇನ್ನೊಂದು ಗೇಣು ಅಂತ ಮುಂದೆ ಹೋಗುವುದು. ಬಲಗೈಯಲ್ಲಿ ಬಟ್ಟೆ, ಹಿಂದೆಯೇ ಬರಿಯ ಎಡಗೈ. ಆ ಎಡಗೈ ಯಾಕೆ ಅಂತ ನನಗೆ ಆರು ತಿಂಗಳು ಅರ್ಥವಾಗಿರಲಿಲ್ಲ. ಅಣ್ಣ ತೊಳೆಯುತ್ತಿರಲಿಲ್ಲ, ಓದುತ್ತಿದ್ದರು. ಬೆರಳ ತುದಿಗೆ ಸಣ್ಣ ಗುಳ್ಳೆ ಸಿಕ್ಕರೆ ಅಲ್ಲಿ ಅಂಟು ಬಿಟ್ಟಿದೆ. ಅಂಚು ಉಗುರಿಗೆ ಎಡತಾಕಿದರೆ ಅಂಚಿನ ಸೀಲ್ ಎದ್ದಿದೆ. ಎಲ್ಲಾದರೂ ಅಂಟಂಟು ಅನಿಸಿದರೆ ಎಣ್ಣೆ ಕುಡಿದು ರಬ್ಬರು ಮೆತ್ತಗಾಗಿದೆ. ಅನುಮಾನ ಬಂದಲ್ಲಿ ಸೀಮೆಸುಣ್ಣದಿಂದ ಒಂದು ಗುಂಡು ಗುರುತು. ತೊಳೆದು ಮುಗಿಯುವ ಹೊತ್ತಿಗೆ ಆ ಬೂಟಿನ ಜಾತಕ ಅವರ ಕೈಯಲ್ಲಿರುತ್ತಿತ್ತು. ಸೋಪು ಪೂರಾ ಹೋಗುವ ತನಕ ಮತ್ತೆ ಮತ್ತೆ ನೀರು ಹಾಕಿ, ಒಣ ಬಟ್ಟೆಯಲ್ಲಿ ಒತ್ತಿ ತೆಗೆಯುತ್ತಿದ್ದರು. ಜಿಡ್ಡು ಸೋಪಿಗೆ ಜಗ್ಗದಿದ್ದರೆ ಮಾತ್ರ ಮ್ಯಾನುಯಲ್ ಹೇಳಿದ ಸಾಲ್ವೆಂಟು, ಅದೂ ಬಟ್ಟೆಗೆ ಹಾಕಿಕೊಂಡು. ಬೂಟಿನ ಮೇಲೆ ಸುರಿಯುವ ಹಾಗಿಲ್ಲ. ಸುರಿದರೆ ಅಂಚಿನಿಂದ ಒಳಗಿಳಿದು ಅಂಟನ್ನೇ ಕರಗಿಸುತ್ತದೆ.

ಈಗ ನಾನೇ ಕೆಟ್ಟ ಕಥೆ. ಊರಿನ ಯಾವ ಕಂಪನಿ ಅಂತ ಹೇಳುವುದಿಲ್ಲ, ಕೇಳಬೇಡಿ. ಅದು ಚುನಾವಣೆ ಸಮಯ. ಚುನಾವಣೆ ಬಂತೆಂದರೆ ಚಾರ್ಟರ್ ವಿಮಾನಗಳಿಗೆ ಮದುವೆ ಸೀಸನ್ ಇದ್ದ ಹಾಗೆ, ಪುರಸೊತ್ತಿಲ್ಲ. ಯಾರೋ ದೊಡ್ಡವರು ಬೆಳಿಗ್ಗೆ ಬರುವವರಿದ್ದರು. ಮ್ಯಾನೇಜರ್ ಸಂಜೆ ಹ್ಯಾಂಗರಿಗೆ ಬಂದು, "ಏನ್ರೀ ಇದು, ರೆಕ್ಕೆ ಬೂದಿ ಬಳಿದ ಹಾಗಿದೆ, ಮಿಂಚಬೇಕು" ಎಂದರು. ಬೂಟು ಹಳೆಯದಾದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಮಿಂಚಿಸುವ ಸಾಮಾನು ಸ್ಟಾಕಿನಲ್ಲಿರಲಿಲ್ಲ. ಒಬ್ಬ ಹೆಲ್ಪರ್ ಹುಡುಗ ಜೆ.ಸಿ. ರಸ್ತೆಗೆ ಹೋಗಿ ಕಾರಿನ ಟೈರ್ ಪಾಲಿಷ್ ತಂದ. ನಾನು ನೋಡಿದೆ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಸುಸ್ತಾಗಿತ್ತು, ಮನೆಗೆ ಹೋಗಬೇಕಿತ್ತು.

ಬೆಳಿಗ್ಗೆ ಬೂಟು ನೇರಳೆಹಣ್ಣಿನ ಹಾಗೆ ಫಳಫಳ. ಎಲ್ಲರಿಗೂ ಖುಷಿ. ಎರಡೇ ದಿನದಲ್ಲಿ ಅದರ ಮೇಲೆ ಕೆಂಪು ಧೂಳು ಕೂತು ಮೊದಲಿಗಿಂತ ಕೊಳಕಾಯಿತು. ಅದು ದೊಡ್ಡ ಮಾತಲ್ಲ. ಆ ಮಿಂಚಿನ ಕೆಳಗೆ ಕೂದಲೆಳೆಯಂಥ ಬಿರುಕುಗಳಿದ್ದವು, ಪಾಲಿಷ್ ಅವನ್ನು ತುಂಬಿ ಮುಚ್ಚಿಬಿಟ್ಟಿತ್ತು. ಮೂರು ತಿಂಗಳ ಮೇಲೆ ಒಂದು ಸಣ್ಣ ತೂತಿಗೆ ತೇಪೆ ಹಾಕಲು ಹೋದೆ. ಕೂರಲಿಲ್ಲ. ಮತ್ತೆ ಹಾಕಿದೆ. ಮತ್ತೆ ಎದ್ದು ಬಂತು, ಹಸಿ ಸುಣ್ಣದ ಮೇಲೆ ಅಂಟಿಸಿದ ಕ್ಯಾಲೆಂಡರ್ ಹಾಗೆ. ಆ ಪಾಲಿಷ್‌ನಲ್ಲಿ ಸಿಲಿಕೋನ್ ಇತ್ತು. ಸಿಲಿಕೋನ್ ಇದ್ದಲ್ಲಿ ಯಾವ ಅಂಟೂ ನಿಲ್ಲುವುದಿಲ್ಲ.

ತಮಾಷೆ ಅಂದರೆ, ಬೂಟಿಗೆಂದೇ ಮಾಡಿದ ಐಸೆಕ್ಸ್ ಎಂಬ ದ್ರವದಲ್ಲೂ ಸಿಲಿಕೋನ್ ಇದೆ. ಐಸು ಗಟ್ಟಿಯಾಗಿ ಕಚ್ಚಿಕೊಳ್ಳದೆ ಬೇಗ ಜಾರಲಿ ಅಂತ ಅದನ್ನು ತೆಳ್ಳಗೆ ಸವರುತ್ತಾರೆ. ಗೀರ್ ಅವರ ಆ ಹಳೇ ಎಣ್ಣೆಯ ಮೊಮ್ಮಗ ಅನ್ನಿ. ಹಾಗಾದರೆ ವ್ಯತ್ಯಾಸವೇನು? ಐಸೆಕ್ಸ್ ಹಾಕಿದರೆ ಲಾಗ್‌ಬುಕ್‌ನಲ್ಲಿ ಬರೆಯುತ್ತೇವೆ. ಮುಂದೆ ತೇಪೆ ಹಾಕುವವನು ಅದನ್ನು ಓದಿ, ಮೊದಲು ಪೂರಾ ತೆಗೆದು ಕೆಲಸ ಶುರು ಮಾಡುತ್ತಾನೆ. ಟೈರ್ ಪಾಲಿಷ್ ಹಾಕಿದ್ದನ್ನು ನಾವ್ಯಾರೂ ಬರೆಯಲಿಲ್ಲ. ಬರೆಯುವ ಹಾಗೂ ಇರಲಿಲ್ಲ. ನನಗೆ ಗೊತ್ತಿತ್ತು ಅಂತ ನಾನು ಬಚಾವಾದೆ. ಅವತ್ತು ನನ್ನ ಜಾಗದಲ್ಲಿ ಹೊಸಬನಿದ್ದಿದ್ದರೆ ತಲೆ ಕೆಡಿಸಿಕೊಂಡು ಹುಚ್ಚನಾಗುತ್ತಿದ್ದ.

ಬೂಟಿಗೆ ಇನ್ನೊಂದು ಔಷಧಿ ಏಜ್‌ಮಾಸ್ಟರ್. ನಾನು ಆಗ ಹೇಳಿದೆನಲ್ಲ, ಒಸರಿ ಬರುವ ಪೊರೆ, ಅದನ್ನು ಹೊರಗಿನಿಂದ ಕೊಡುವುದು. ರಬ್ಬರು ಅದನ್ನು ಹೀರಿಕೊಳ್ಳುತ್ತದೆ. ಚೆನ್ನಾಗಿ ತೊಳೆದು ಒಣಗಿದ ಬೂಟಿಗೆ ಪದರ ಪದರವಾಗಿ ಹಾಕಬೇಕು. ಸುತ್ತಲಿನ ಬಿಳಿ ಪೇಂಟಿಗೆ ಟೇಪ್ ಅಂಟಿಸಿ ಮುಚ್ಚದಿದ್ದರೆ ಕಂದು ಕಲೆ ಗ್ಯಾರಂಟಿ, ಕೈಗವಸು ಹಾಕದಿದ್ದರೆ ಕೈಗೂ. ಮದರಂಗಿ ಆದರೂ ಹೋಗುತ್ತದೆ. ಮಿಂಚಿಗೆ ಮಾತ್ರ ಅಂತಲೇ ಬೇರೆ ಸಾಮಾನೂ ಸಿಗುತ್ತದೆ. ಬೇಡ ಅನ್ನುವುದಿಲ್ಲ. ಆದರೆ ಬಿರುಕು ಹುಡುಕಿ ಮುಗಿಸಿದ ಮೇಲೆ ಹಾಕಿ, ಮೊದಲೇ ಅಲ್ಲ.

ತೂತಿನ ಮಾತು. ಸೂಜಿಮೊನೆಯಷ್ಟು ತೂತಿದ್ದರೆ ಏನಾದೀತು ಅನಿಸಬಹುದು. ಉಬ್ಬಿಸುವ ಮಟ್ಟಿಗೆ ಏನೂ ಆಗದೆಯೂ ಇರಬಹುದು. ಆದರೆ ಮಿಕ್ಕ ಹೊತ್ತೆಲ್ಲ ಒಳಗಿನಿಂದ ಎಳೆಯುತ್ತಿರುತ್ತದೆ ಅಂತ ಹೇಳಿದೆನಲ್ಲ? ಮಳೆಯಲ್ಲಿ ಹಾರುವಾಗ ಆ ತೂತು ನೀರು ಕುಡಿಯುತ್ತದೆ, ಮಗು ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ನೀರು ಕೊಳವೆಯೊಳಗೆ ಕೂರುತ್ತದೆ. ವಿಮಾನ ಮೇಲೆ ಹೋದಾಗ ಅದೇ ನೀರು ಒಳಗೇ ಐಸಾಗಿ ದಾರಿ ಕಟ್ಟುತ್ತದೆ. ಹೊರಗಿನ ಐಸು ಒಡೆಯಬೇಕಾದ ಬೂಟಿನ ಹೊಟ್ಟೆಯಲ್ಲೇ ಐಸು.

ತೂತು ಬರಲು ಕಲ್ಲೇ ಬಡಿಯಬೇಕೆಂದಿಲ್ಲ. ಮಳೆ, ಧೂಳು, ಐಸಿನ ಹರಳುಗಳ ನಡುವೆ ಹಾರುವಾಗ ರಬ್ಬರಿನ ಮೇಲೆ ವಿದ್ಯುತ್ತು ಕೂಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಅದೇ. ಹೋಗಲು ದಾರಿ ಇಲ್ಲದಿದ್ದರೆ ಅದು ರಬ್ಬರನ್ನೇ ತೂರಿಕೊಂಡು ಕೆಳಗಿನ ಲೋಹಕ್ಕೆ ಜಿಗಿಯುತ್ತದೆ, ದಾರಿಯಲ್ಲಿ ಒಂದು ತೂತು ಬಿಟ್ಟು. ರೇಡಿಯೋದಲ್ಲಿ ಗರಗರ ಸದ್ದು ಬೇರೆ. ಅದಕ್ಕೇ ನಿಯೋಪ್ರಿನ್ ಬೂಟಿನ ಮೇಲ್ಪದರ ವಿದ್ಯುತ್ತು ಹರಿಯುವಂಥದ್ದು. ಅದು ಸವೆದಾಗ ಎಮರಿ ಪೇಪರಿನಲ್ಲಿ ಹದವಾಗಿ ಉಜ್ಜಿ, ಒರೆಸಿ, ಅದೇ ಗುಣದ ಕಪ್ಪು ಸಿಮೆಂಟನ್ನು, ಮನೆ ಕಟ್ಟುವುದಲ್ಲ, ರಬ್ಬರಿನ ಲೇಪ, ಬ್ರಷ್‌ನಲ್ಲಿ ಮತ್ತೆ ಬಳಿಯುತ್ತೇವೆ. ಒಣಗಿದ ಮೇಲೆ ಮೀಟರ್ ಇಟ್ಟು ನೋಡಬೇಕು. ಬೂಟನ್ನು ಹೊಸದು ಮಾಡುವುದು ಅಂದರೆ ನನ್ನ ಪ್ರಕಾರ ಇದು. ಕಪ್ಪಗೆ ಕಂಡರೆ ಸಾಲದು, ಮೀಟರ್ ಒಪ್ಪಬೇಕು.

ತೇಪೆಯ ಕೆಲಸ ನಿಮಗೆಲ್ಲ ಗೊತ್ತಿರುವುದೇ. ಉಜ್ಜಿ ಒರಟು ಮಾಡು, ಸಾಲ್ವೆಂಟಿನಲ್ಲಿ ಒರೆಸು, ಬೂಟಿಗೂ ತೇಪೆಗೂ ಅಂಟು ಹಚ್ಚು, ಆರಲು ಬಿಡು, ನಡುವಿನಿಂದ ಅಂಚಿಗೆ ರೋಲರ್ ಉರುಳಿಸಿ ಗಾಳಿ ಹೊರಡಿಸು. ಹೆಚ್ಚಿನದು ಅಂದರೆ, ಬೂಟಿನ ತೇಪೆ ಒಂದೇ ದಿಕ್ಕಿಗೆ ಹಿಗ್ಗುತ್ತದೆ. ಕೊಳವೆ ಉಬ್ಬಿದಾಗ ರಬ್ಬರು ಅದರ ಅಗಲಕ್ಕೆ ಹಿಗ್ಗುತ್ತದೆ, ತೇಪೆಯೂ ಆ ಕಡೆಗೇ ಹಿಗ್ಗುವ ಹಾಗೆ ಕೂರಿಸಬೇಕು. ತಿರುಗಿಸಿ ಹಾಕಿದರೆ ಅಳತೆ ಸಾಲದ ರವಿಕೆಯ ಹಾಗೆ ಹೊಲಿಗೆ ಬಿಡುತ್ತದೆ. ಒಂದು ಜಾಗದಲ್ಲಿ ಎಷ್ಟು ತೇಪೆ ಹಾಕಬಹುದು ಅಂತಲೂ ಮ್ಯಾನುಯಲ್‌ನಲ್ಲಿ ಮಿತಿ ಇದೆ. ಅದು ದಾಟಿದರೆ ಬೂಟನ್ನೇ ಕಿತ್ತು ಹೊಸದು ಹಾಕಬೇಕು. ಹಳೇ ಅಂಟನ್ನು ಸಾಲ್ವೆಂಟಿನಲ್ಲಿ ನೆನೆಸಿ ಬೆರಳಗಲ ಬೆರಳಗಲ ಬಿಡಿಸುತ್ತಾ ಕೂರಬೇಕು. ಸೊಂಟ ಹಿಡಿಯುವ ಕೆಲಸ, ಅದರ ಮಾತು ಇವತ್ತು ಬೇಡ.

ಪ್ರಶ್ನೆಗಳು ಒಂದಷ್ಟು ಬಂದವು. ಕಾಲೇಜು ಹುಡುಗಿಯೊಬ್ಬಳು, "ಪೈಲಟ್ ಯಾವಾಗ ಬೂಟು ಚಾಲೂ ಮಾಡಬೇಕು ಸರ್? ಐಸು ಸ್ವಲ್ಪ ದಪ್ಪ ಆಗಲಿ ಅಂತ ಕಾಯಬೇಕಂತೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಹಳಬರು ಹಾಗೇ ಹೇಳುತ್ತಿದ್ದರು. ಕಾಲಿಂಚು, ಅರ್ಧ ಇಂಚು ಆಗುವ ತನಕ ಕಾಯಿ. ಬೇಗ ಉಬ್ಬಿಸಿದರೆ ಐಸು ಒಡೆಯದೆ ಬೂಟಿನ ಸುತ್ತ ಚಿಪ್ಪು ಕಟ್ಟಿ, ಒಳಗೆ ಬೂಟು ಸುಮ್ನೆ ಉಬ್ಬಿ ಇಳಿಯುತ್ತಿರುತ್ತದೆ ಅಂತ. ಈಗಿನ ಬೂಟುಗಳಲ್ಲಿ ಆ ಭಯಕ್ಕೆ ಆಧಾರ ಸಿಕ್ಕಿಲ್ಲ. ಐಸು ಕಂಡ ಕೂಡಲೇ ಚಾಲೂ ಮಾಡಿ ಅನ್ನುವುದೇ ಈಗಿನ ಮಾತು. 1997ರ ಜನವರಿ 9ರಂದು ಅಮೆರಿಕದ ಮಿಷಿಗನ್‌ನಲ್ಲಿ ಕೋಮೇರ್ ಎಂಬ ವಿಮಾನ ಕಂಪನಿಯ ಎಂಬ್ರೇರ್ 120 ವಿಮಾನ ಬಿದ್ದು 29 ಜನ ಸತ್ತರು. ತೆಳ್ಳಗಿನ, ಒರಟಾದ ಐಸು ಸಾಕಾಯಿತು. ಬೂಟು ಬಹುಶಃ ಚಾಲೂ ಆಗಿರಲೇ ಇಲ್ಲ ಎಂದು ತನಿಖೆ ಹೇಳಿತು. ಹಾಗಂತ ಬೂಟಿದ್ದರೆ ಸಾಕು ಅಂತಲೂ ಅಲ್ಲ. 1994ರ ಅಕ್ಟೋಬರ್ 31ರಂದು ಇಂಡಿಯಾನಾದ ರೋಸ್‌ಲಾನ್ ಹತ್ತಿರ ಬಿದ್ದ ಎಟಿಆರ್ 72ರಲ್ಲಿ ಐಸು ಕಟ್ಟಿದ್ದು ಬೂಟು ಮುಗಿದ ಮೇಲಿನ ಜಾಗದಲ್ಲಿ. 68 ಜನ. ಆಮೇಲೆ ಎಟಿಆರ್‌ಗಳ ಬೂಟನ್ನು ಹಿಂದಕ್ಕೆ ಇನ್ನಷ್ಟು ಅಗಲ ಮಾಡಿದರು.

ಕೊನೆಗೆ ಆ ತೂತು. ಮಗ್ಗಿನಲ್ಲಿ ಸೋಪಿನ ನೀರು ಕಲಸಿ ಮುಂದಿನ ಸಾಲಿನ ಇಬ್ಬರು ಮಕ್ಕಳಿಗೆ ಸ್ಪಂಜು ಕೊಟ್ಟೆ. ನಾನು ಪಂಪ್ ಒತ್ತುತ್ತಾ ಹೋದೆ, ಅವರು ಬಳಿಯುತ್ತಾ ಹೋದರು. ಮೈದಾ ಗಂಜಿಯ ಚೂರೆಲ್ಲ ಸೇರಿ ಮೇಜು ರಾಡಿಯಾಯಿತು. ಗುಳ್ಳೆ ಎಲ್ಲೂ ಕಾಣಲಿಲ್ಲ. ಆಗ ಹಿಂದಿನ ಬೆಂಚಿನಿಂದ ಒಬ್ಬರು ಎದ್ದು ಬಂದರು. ನಮ್ಮ ನಾಲ್ಕನೇ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವವರು. ಒಂದು ಮಾತೂ ಆಡದೆ ಬಗ್ಗಿ, ಕೆನ್ನೆಯನ್ನು ಬೂಟಿಗೆ ಒಂದಿಂಚು ಹತ್ತಿರ ತಂದು ನಿಧಾನವಾಗಿ ಈ ಕೊನೆಯಿಂದ ಆ ಕೊನೆಗೆ ಹೋದರು. ಮುಕ್ಕಾಲು ದೂರದಲ್ಲಿ ನಿಂತು, "ಇಲ್ಲಿ ನೀರು ಹಾಕು ಮರಿ" ಎಂದರು. ಹುಡುಗ ಸ್ಪಂಜು ಹಿಂಡಿದ. ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

"ಸೊಲ್ಯೂಷನ್ ಎಷ್ಟು ಹೊತ್ತು ಆರಲು ಬಿಡ್ತೀರಾ ಸಾರ್?" ಎಂದು ಕೇಳಿದರು.

"ಬೆರಳ ಗೆಣ್ಣು ಮುಟ್ಟಿಸಿದರೆ ಅಂಟಿದ ಹಾಗೆ ಆಗಬೇಕು, ಆದರೆ ಅಂಟಬಾರದು. ಅಲ್ಲಿ ತನಕ" ಎಂದೆ.

"ನಾನೂ ಗೆಣ್ಣೇ ಇಡೋದು. ಬೆರಳ ತುದೀಲಿ ಜಿಡ್ಡಿರುತ್ತೆ."

ಹಾರುವ ಬೂಟಿಗೆ ಅಂಗಡಿಯ ಸೊಲ್ಯೂಷನ್ ನಡೆಯುವುದಿಲ್ಲ, ಮೇಜಿನ ಮೇಲಿನ ಬೂಟಿಗೆ ಅಡ್ಡಿಯಿಲ್ಲ ಎಂದೆ. ಅವರು ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಬುಧವಾರ ಬಂದು ತೆಗೆದುಕೊಂಡು ಹೋಗಿ ಅಂದಿದ್ದಾರೆ. ದುಡ್ಡು ಬೇಡವಂತೆ, ಆದರೆ ಸೈಕಲ್ ಪಂಪಿನ ವಾಷರ್ ಹೋಗಿದೆ, ಅದನ್ನೂ ತನ್ನಿ ಎಂದರು.